ಕಾತ್ರಜ್ ಗುಡ್ಡದ ನೀರಿಗೆ ಈಗ ಅವಸರ

ಸೆಪ್ಟೆಂಬರಿನ ಒಂದು ಸಂಜೆ ಪುಣೆಯ ದಕ್ಷಿಣದ ಕಾತ್ರಜ್ ಗುಡ್ಡಗಳ ಮೇಲೆ ಐವತ್ತು ಮಿಲಿಮೀಟರ್ ಮಳೆ ಬಿತ್ತು ಅಂದುಕೊಳ್ಳಿ. ಗುಡ್ಡದಲ್ಲಿ ದಟ್ಟ ಕಾಡಿದ್ದರೆ ಅದರಲ್ಲಿ ಹರಿದು ಹಳ್ಳ ಸೇರುವುದು ಒಂದು ಮಿಲಿಮೀಟರಿಗೂ ಕಮ್ಮಿ. ಗುಡ್ಡ ಬೋಳಾಗಿದ್ದರೆ ಸುಮಾರು 20. ಕಾಂಕ್ರೀಟು ಹೊದ್ದಿದ್ದರೆ 44. ಬಿದ್ದ ಮಳೆ ಒಂದೇ, ತಗ್ಗಿನ ಓಣಿಗೆ ಬಂದು ಮುಟ್ಟುವ ನೀರು ಐವತ್ತು ಪಟ್ಟು.

ಈ ಅಂಕಿಗಳು ಬಂದದ್ದು ಜಲಾನಯನದ ಕೆಲಸ ಮಾಡುವವರೆಲ್ಲ ದಿನನಿತ್ಯ ಬಳಸುವ ‘ಕರ್ವ್ ನಂಬರ್’ ಲೆಕ್ಕದಿಂದ. ಮಣ್ಣಿನ ಜಾತಿ ಮತ್ತು ಅದರ ಮೇಲಿನ ಹೊದಿಕೆ ನೋಡಿ ನೆಲಕ್ಕೆ ನೂರರೊಳಗೆ ಒಂದು ಅಂಕ ಕೊಡುತ್ತಾರೆ. ನೀರು ನಿಧಾನಕ್ಕೆ ಇಂಗುವ ತೆಳು ಮಣ್ಣಿನ ಗುಡ್ಡಕ್ಕೆ ದಟ್ಟ ಕಾಡಿದ್ದರೆ 58, ಕುರುಚಲಿದ್ದರೆ 64, ಪಾಳು ನೆಲವಾದರೆ 85, ಕಾಂಕ್ರೀಟಿಗೆ 98. ಆ ಅಂಕದಿಂದ 25,400ನ್ನು ಭಾಗಿಸಿ 254 ಕಳೆದರೆ ನೆಲದ ಧಾರಣೆ, ಅಂದರೆ ನೀರು ಹಿಡಿದಿಡುವ ಶಕ್ತಿ, ಮಿಲಿಮೀಟರಿನಲ್ಲಿ ಸಿಗುತ್ತದೆ. ಧಾರಣೆಯ ಐದನೇ ಒಂದು ಪಾಲು ಮಳೆಯನ್ನು ನೆಲ ಸದ್ದಿಲ್ಲದೆ ನುಂಗುತ್ತದೆ. ಮಳೆಯಿಂದ ಆ ಪಾಲನ್ನು ಕಳೆದು, ಉಳಿದದ್ದನ್ನು ವರ್ಗ ಮಾಡಿ, ಮಳೆಗೆ ಧಾರಣೆಯ 0.8 ಪಾಲು ಕೂಡಿಸಿದ ಮೊತ್ತದಿಂದ ಭಾಗಿಸಿದರೆ ಹರಿವು ಬಂತು. ಕಾಡಿನ ಧಾರಣೆ 184 ಮಿ.ಮೀ., ಪಾಳಿನದು 45, ಕಾಂಕ್ರೀಟಿನದು ಬರೀ 5. ನಮ್ಮಲ್ಲಿ ಐದನೇ ಒಂದರ ಬದಲು ಕಪ್ಪು ಮಣ್ಣಿಗೆ 0.1, ಬೇರೆ ಮಣ್ಣಿಗೆ 0.3 ಹಿಡಿಯುವ ರೂಢಿಯೂ ಇದೆ. ಅದರಿಂದ ಅಂಕಿ ಸ್ವಲ್ಪ ಅತ್ತಿತ್ತ ಆದೀತು, ಯಾವ ನೆಲ ಹೆಚ್ಚು ಹರಿಸುತ್ತದೆ ಎಂಬುದು ಬದಲಾಗದು.

ಈಗ ಮಳೆಯನ್ನು 100ಕ್ಕೆ ಏರಿಸಿ ನೋಡಿ. ಕಾಡಿನಿಂದ 16 ಮಿ.ಮೀ., ಪಾಳಿನಿಂದ 61, ಕಾಂಕ್ರೀಟಿನಿಂದ 94. ಐವತ್ತು ಪಟ್ಟಿನ ಅಂತರ ಆರು ಪಟ್ಟಿಗೆ ಇಳಿಯಿತು. 200 ಮಿ.ಮೀ. ಸುರಿದರೆ ಕಾಡು 77, ಪಾಳು 155, ಕಾಂಕ್ರೀಟು 194: ಎರಡೂವರೆ ಪಟ್ಟು. ಮಳೆ ದೊಡ್ಡದಾದಷ್ಟೂ ಕಾಂಕ್ರೀಟು ಕಾಡಿನ ಎಷ್ಟು ಪಟ್ಟು ಹರಿಸುತ್ತದೆ ಎಂಬ ಅಂಕಿ ಸಣ್ಣದಾಗುತ್ತದೆ. ‘ಕಾಡಿದ್ದಿದ್ದರೆ ಪ್ರವಾಹವೇ ಬರುತ್ತಿರಲಿಲ್ಲ’ ಎನ್ನುವವರೂ ‘ಇಂಥ ಮಳೆಗೆ ಯಾರು ಏನು ಮಾಡಲಾದೀತು’ ಎನ್ನುವವರೂ ಈ ಮೂರು ಸಾಲು ಅಂಕಿಗಳನ್ನು ಒಟ್ಟಿಗೆ ನೋಡಿದವರಲ್ಲ.

ಇದಕ್ಕೆ ಕಾರಣ ಮಣ್ಣಿನ ದಪ್ಪ. ಪುಣೆಯ ಗುಡ್ಡಗಳೆಲ್ಲ ಬಸಾಲ್ಟ್ ಕರಿಗಲ್ಲು, ಅದರ ಮೇಲೊಂದಿಷ್ಟು ಗರಸು (ಇಲ್ಲಿಯವರ ಮುರುಮ್), ಅದರ ಮೇಲೆ ಗೇಣುದ್ದವೋ ಒಂದು ಅಡಿಯೋ ಮಣ್ಣು. ಬೇರು, ಎರೆಹುಳು, ಗೆದ್ದಲು ಕೊರೆದ ಒಂದು ಅಡಿ ಒಳ್ಳೆಯ ಮಣ್ಣು ತಾತ್ಕಾಲಿಕವಾಗಿ ಹಿಡಿದಿಡಬಲ್ಲ ನೀರು 30ರಿಂದ 45 ಮಿ.ಮೀ. ಅಷ್ಟು ತುಂಬಿದ ಮೇಲೆ ಮರ ಎಷ್ಟೇ ಹಳೆಯದಿರಲಿ, ನೀರಿಗೆ ಜಾಗವಿಲ್ಲ. ಹಿಂದಿನ ಐದು ದಿನಗಳಲ್ಲಿ 53 ಮಿ.ಮೀ.ಗಿಂತ ಹೆಚ್ಚು ಮಳೆಯಾಗಿದ್ದರೆ ನೆಲ ನೆನೆದಿದೆ ಎಂದೇ ಲೆಕ್ಕ. ಆಗ ಕಾಡಿನ 58 ಅಂಕ 76ಕ್ಕೆ ಜಿಗಿಯುತ್ತದೆ, 100 ಮಿ.ಮೀ. ಮಳೆಗೆ ಹರಿಯುವ ನೀರು 16ರಿಂದ 43ಕ್ಕೆ ಏರುತ್ತದೆ. ಜೂನ್ ಮಳೆಯನ್ನು ಕುಡಿದ ಅದೇ ಗುಡ್ಡ ಸೆಪ್ಟೆಂಬರಿನಲ್ಲಿ ಉಗುಳುವುದು ಇದಕ್ಕೇ.

ಎಷ್ಟು ಎನ್ನುವುದಕ್ಕಿಂತ ಯಾವಾಗ

ಇಷ್ಟು ಹೊತ್ತು ಮಾತಾಡಿದ್ದು ನೀರಿನ ಮೊತ್ತದ ಬಗ್ಗೆ. ಮನೆಗೆ ನುಗ್ಗುವುದು ಮೊತ್ತವಲ್ಲ, ಒಂದೇ ಹೊತ್ತಿಗೆ ಬಂದು ಮುಟ್ಟುವ ನೀರು. ಗುಡ್ಡದ ನೆತ್ತಿಯಲ್ಲಿ ಬಿದ್ದ ಹನಿ ಬುಡದ ಮೋರಿ ತಲುಪಲು ಹಿಡಿಯುವ ಸಮಯವನ್ನು ಕಿರ್ಪಿಚ್ ಸೂತ್ರದಿಂದ ಅಂದಾಜು ಮಾಡಬಹುದು. ಒಂದೂವರೆ ಕಿಲೋಮೀಟರ್ ಉದ್ದ, ಹತ್ತಕ್ಕೆ ಒಂದರ ಇಳಿಜಾರು ಹಿಡಿಯಿರಿ. ಮೈತುಂಬ ಹುಲ್ಲಿದ್ದರೆ 26 ನಿಮಿಷ. ಬರೀ ಮಣ್ಣಾದರೆ 13. ಡಾಂಬರು, ಕಾಂಕ್ರೀಟಾದರೆ 5.

ಹೀಗೆ ಪೆಟ್ಟು ಎರಡು ಕಡೆಯಿಂದ: ಹರಿಯುವ ಪಾಲೂ ಹೆಚ್ಚು, ಮುಟ್ಟುವ ಸಮಯವೂ ಕಮ್ಮಿ. ಒಂದು ಚದರ ಕಿಲೋಮೀಟರ್ ಗುಡ್ಡದ ಮೇಲೆ ತಾಸಿಗೆ 60 ಮಿ.ಮೀ. ಬಿರುಸಿನ ಮಳೆ ಬಿದ್ದು, ಅದರಲ್ಲಿ 0.3 ಪಾಲು ಹರಿದರೆ ಮೋರಿಗೆ ಸೆಕೆಂಡಿಗೆ 5 ಘನಮೀಟರ್ ನೀರು ಬರುತ್ತದೆ. ಪಾಲು 0.8 ಆದರೆ 13. ಕತೆ ಅಲ್ಲಿಗೇ ನಿಲ್ಲದು. ನೀರು ಅರ್ಧ ತಾಸಿಗೆ ಬದಲು ಹದಿಮೂರು ನಿಮಿಷಕ್ಕೇ ಒಟ್ಟುಗೂಡುವಂತಾದರೆ ಅಷ್ಟೇ ಹೊತ್ತಿನ ಬಿರುಸು ಮಳೆಯೂ ಸಾಕಾಗುತ್ತದೆ. ಮತ್ತು ಕಾಲು ತಾಸಿನ ಬಿರುಸು ಅರ್ಧ ತಾಸಿನ ಸರಾಸರಿಗಿಂತ ಯಾವತ್ತೂ ಜೋರು. ಅದನ್ನು ತಾಸಿಗೆ 90 ಎಂದಿಟ್ಟುಕೊಂಡರೆ ಮೋರಿಗೆ ಬರುವುದು ಸೆಕೆಂಡಿಗೆ 20 ಘನಮೀಟರ್. ಐದಕ್ಕೆಂದು ಕಟ್ಟಿದ ಮೋರಿಗೆ ನಾಲ್ಕು ಪಟ್ಟು ನೀರು.

ವಾಸ್ತವದಲ್ಲಿ ಮೋರಿಯನ್ನು ಐದಕ್ಕೂ ಕಟ್ಟಿರುವುದಿಲ್ಲ. ಪ್ಲಾಟು ಹಾಕುವವರು ಗುಡ್ಡದ ಬುಡದ ಹಳ್ಳಕ್ಕೆ ಅಡ್ಡಲಾಗಿ ರಸ್ತೆ ಮಾಡಿ ಅದರಡಿ 900 ಮಿ.ಮೀ. ವ್ಯಾಸದ ಒಂದು ಹ್ಯೂಮ್ ಪೈಪು (ಕಾಂಕ್ರೀಟಿನ ಕೊಳವೆ) ಹೂತುಬಿಡುತ್ತಾರೆ. ಸೆಕೆಂಡಿಗೆ ಎರಡು ಮೀಟರ್ ವೇಗದಲ್ಲಿ ತುಂಬಿ ಹರಿದರೂ ಅದು ಸಾಗಿಸುವುದು 1.3 ಘನಮೀಟರ್ ಮಾತ್ರ. ಬೇಸಿಗೆಯಲ್ಲಿ ಹಳ್ಳ ಒಣಗಿರುವಾಗ ನೋಡಿದವರಿಗೆ ಆ ಪೈಪು ಧಾರಾಳವಾಗಿ ಕಾಣುತ್ತದೆ. ಒಳಗೆ ಮಕ್ಕಳು ಕ್ರಿಕೆಟ್ ಚೆಂಡು ಹುಡುಕುತ್ತ ತೂರುವಷ್ಟು ಅಗಲ. ಮಳೆಗಾಲದಲ್ಲಿ ಅದರ ಬಾಯಿಗೆ ಒಂದು ಹಾಸಿಗೆಯೋ ಎರಡು ತೆಂಗಿನ ಗರಿಯೋ ಅಡ್ಡ ಕೂತರೆ ಸಾಕು, ರಸ್ತೆಯೇ ಒಡ್ಡು ಆಗುತ್ತದೆ. ಒಡ್ಡು ಒಡೆದ ಕ್ಷಣ ಬರುವುದು ಮಳೆಯ ನೀರಲ್ಲ, ಅಷ್ಟು ಹೊತ್ತು ನಿಂತ ನೀರು.

2013ರ ಜೂನ್‌ನಲ್ಲಿ ಕಾತ್ರಜ್ ಘಾಟಿನಾಚೆ ಪುಣೆ–ಸಾತಾರಾ ಹೆದ್ದಾರಿಯ ಶಿಂದೇವಾಡಿ ಬಳಿ ನಡೆದದ್ದು ಇದೇ ಜಾತಿಯದು. ಗುಡ್ಡ ಕಡಿದು ಸಪಾಟು ಮಾಡಿ ನೀರಿನ ಸಹಜ ದಾರಿ ಮುಚ್ಚಿಹೋಗಿತ್ತು. ನೀರು ಕೆಸರಾಗಿ ಹೆದ್ದಾರಿಗೇ ಇಳಿಯಿತು, ಕಾರಿನಲ್ಲಿ ಹೊರಟಿದ್ದ ತಾಯಿ ಮಗಳು ಕೊಚ್ಚಿಹೋದರು. ಐದಕ್ಕೆ ಒಂದಕ್ಕಿಂತ ಕಡಿದಾದ ಇಳಿಜಾರಿನಲ್ಲಿ ಕಟ್ಟಡ ಕೂಡದು ಎಂಬ ‘ಡೋಂಗರ್ ಮಾಥಾ, ಡೋಂಗರ್ ಉತಾರ್’ (ಗುಡ್ಡದ ನೆತ್ತಿ, ಗುಡ್ಡದ ಇಳಿಜಾರು) ನಿಯಮ ಈ ಭಾಗದಲ್ಲಿದೆ. ಅದನ್ನು ದಾಟುವ ಉಪಾಯ ಸರಳ: ಮೊದಲು ಜೆಸಿಬಿ ತಂದು ಇಳಿಜಾರನ್ನು ಮೆಟ್ಟಿಲು ಮಾಡುವುದು, ಆಮೇಲೆ ಅಳತೆಗೆ ಕರೆಯುವುದು. ಅಳೆಯುವಾಗ ಇಳಿಜಾರೇ ಇರುವುದಿಲ್ಲ.

ಅಂಬಲಿಯ ಹೆಸರಿನ ಹಳ್ಳ

ಕಾತ್ರಜ್ ಗುಡ್ಡದ ನೀರು ಹೊರುವ ಹಳ್ಳದ ಹೆಸರು ಆಂಬಿಲ್ ಓಢಾ. ಓಢಾ ಎಂದರೆ ನಮ್ಮ ಹಳ್ಳ. ಆಂಬಿಲ್ ಎಂದರೆ ಮರಾಠಿಯಲ್ಲಿ ಅಂಬಲಿ. ಮಳೆಗಾಲದಲ್ಲಿ ಆಂಬಿಲ್ ಓಢಾದ ಬಣ್ಣವೂ ಹೆಚ್ಚುಕಡಿಮೆ ರಾಗಿ ಅಂಬಲಿಯದೇ. ಕಾತ್ರಜ್ ಗುಡ್ಡದಲ್ಲಿ ಹುಟ್ಟಿ, ಪೇಶ್ವೆಗಳ ಕಾಲದ ಕಾತ್ರಜ್ ಕೆರೆಗಳನ್ನು ತುಂಬಿ, ಅಲ್ಲಿಂದ ಸಹಕಾರನಗರ, ಅರಣ್ಯೇಶ್ವರ, ಪರ್ವತಿ ಗುಡ್ಡದ ಬುಡ, ದಾಂಡೇಕರ್ ಸೇತುವೆ ಹಾದು ಮುಠಾ ನದಿ ಸೇರುತ್ತದೆ. ನಾನಾಸಾಹೇಬ ಪೇಶ್ವೆಯ ಕಾಲದಲ್ಲಿ, ಹದಿನೆಂಟನೇ ಶತಮಾನದ ನಡುವೆ, ಈ ಕೆರೆಗಳಿಂದ ಊರಿಗೆ ನೆಲದಡಿಯ ಕಾಲುವೆಯಲ್ಲಿ ಕುಡಿಯುವ ನೀರು ಬರುತ್ತಿತ್ತು. ಹಳ್ಳ ಹಿಂದೆ ಹಳೇ ಪೇಟೆಯೊಳಗೇ ಹರಿಯುತ್ತಿತ್ತು. ಅದನ್ನು ಪರ್ವತಿಯ ಬಳಿ ತಿರುಗಿಸಿದ್ದೂ ಪೇಶ್ವೆಗಳೇ. ಅಂದರೆ ಈ ಹಳ್ಳಕ್ಕೆ ಮನುಷ್ಯ ಕೈ ಹಾಕಿದ್ದು ಇವತ್ತಲ್ಲ.

2019ರ ಸೆಪ್ಟೆಂಬರ್ 25ರ ರಾತ್ರಿ ಕೆಲವೇ ತಾಸಿನ ಮಳೆಗೆ ಅದು ಉಕ್ಕಿತು. ಪುಣೆ ಮತ್ತು ಸುತ್ತಲಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಅರಣ್ಯೇಶ್ವರದ ಟಾಂಗೇವಾಲಾ ಕಾಲೋನಿಯಲ್ಲಿ ಗೋಡೆ ಕುಸಿದು ಸತ್ತವರೂ ಅದರಲ್ಲಿದ್ದರು. ಮೇಲಿನ ಲೆಕ್ಕವನ್ನು ಆ ರಾತ್ರಿಗೆ ಹಚ್ಚಿ ನೋಡಿ: ಮಳೆಗಾಲದ ಕೊನೆ, ನೆನೆದ ನೆಲ, ಮೊದಲೇ ತುಂಬಿದ ಕೆರೆ, ಮೇಲೆ ಕಡಿದ ಗುಡ್ಡ, ಕೆಳಗೆ ಎರಡೂ ಕಡೆ ಗೋಡೆ ಕಟ್ಟಿ ಕಿರಿದಾದ ಹಳ್ಳ. ಐದೂ ಕೂಡಿ ಬಂದವು. ಅರಣ್ಯೇಶ್ವರ ಎಂಬ ಹೆಸರು ಮಾತ್ರ ಅಲ್ಲಿ ಒಂದಾನೊಂದು ಕಾಲಕ್ಕೆ ಏನಿತ್ತು ಎಂದು ಹೇಳುತ್ತ ಉಳಿದಿದೆ.

ಇಂಥ ದುರಂತವಾದ ಮೇಲೆ ಎಲ್ಲ ಊರುಗಳೂ ಮಾಡುವುದು ಒಂದೇ: ಹಳ್ಳಕ್ಕೆ ಆರ್‌ಸಿಸಿ ಗೋಡೆ, ತಳಕ್ಕೂ ಕಾಂಕ್ರೀಟು. ಕಲ್ಲು, ಪೊದೆ, ಸೊಟ್ಟ ತಿರುವುಗಳಿರುವ ಹಳ್ಳದ ಒರಟುತನದ ಗುಣಾಂಕ ಸುಮಾರು 0.05, ನುಣುಪು ಕಾಂಕ್ರೀಟಿನದು 0.015. ಅಳತೆ, ಇಳಿಜಾರು ಬದಲಾಗದಿದ್ದರೂ ನೀರು ಮೂರು ಪಟ್ಟಿಗಿಂತ ಹೆಚ್ಚು ವೇಗ ಪಡೆಯುತ್ತದೆ. ಗೋಡೆ ಕಟ್ಟಿದ ಓಣಿಯವರಿಗೆ ಲಾಭ ನಿಜ. ಅವರ ನೀರು ಬೇಗ ಮುಂದಕ್ಕೆ ಹೋಯಿತು. ಕಾಂಕ್ರೀಟು ಮುಗಿದಲ್ಲಿ, ಹಳೇ ಸೇತುವೆಯ ಕಣ್ಣು ಕಿರಿದಾಗಿರುವಲ್ಲಿ, ಆ ವೇಗವೆಲ್ಲ ಎತ್ತರವಾಗಿ ನಿಲ್ಲುತ್ತದೆ. ಅಲ್ಲಿ ಯಾರಿರುತ್ತಾರೆ ನೋಡಿ: ತಗಡಿನ ಶೆಡ್ಡುಗಳು. ಕಟ್ಟಡದ ಕೆಲಸಕ್ಕೆಂದು ಕಲಬುರಗಿ, ಯಾದಗಿರಿ, ವಿಜಯಪುರದಿಂದ ಬಂದ ನಮ್ಮವರೂ ಅದರಲ್ಲಿ ಕಮ್ಮಿಯಿಲ್ಲ. ಮೇಲಿನ ಗುಡ್ಡದಲ್ಲಿ ಅವರೇ ಸುರಿದ ಕಾಂಕ್ರೀಟಿನ ನೀರು ಕೆಳಗೆ ಅವರದೇ ಒಲೆ ಆರಿಸುತ್ತದೆ.

ದೊಡ್ಡ ನದಿಯಲ್ಲಿ ಲೆಕ್ಕವೇ ಬೇರೆ

ಬಾವಧನ್‌ನಲ್ಲಿ ಫ್ಲ್ಯಾಟು, ಇಂಡಿ ಇಲ್ಲವೇ ಅಫಜಲಪುರದಲ್ಲಿ ಹೊಲ ಇರುವ ಕನ್ನಡಿಗರು ಪುಣೆಯಲ್ಲಿ ಬೇಕಾದಷ್ಟು. ಅವರಿಗೊಂದು ಸಹಜ ಅನುಮಾನ: ಇಲ್ಲಿ ಗುಡ್ಡ ಕಡಿದದ್ದಕ್ಕೆ ಅಲ್ಲಿ ಭೀಮಾ ನದಿ ಹೊಲಕ್ಕೆ ನುಗ್ಗುತ್ತಿದೆಯೇ? ನೀರಂತೂ ಒಂದೇ. ಮುಠಾ, ಮುಳಾ, ಪವನಾ, ಇಂದ್ರಾಯಣಿ ಎಲ್ಲ ಭೀಮೆಗೇ ಸೇರಿ, ಉಜನಿ ಜಲಾಶಯ ದಾಟಿ, ಪಂಢರಪುರದಲ್ಲಿ ಚಂದ್ರಭಾಗೆಯಾಗಿ, ಕರ್ನಾಟಕಕ್ಕೆ ಬರುತ್ತವೆ. ಆದರೆ ಉಜನಿಯ ಜಲಾನಯನ ಸುಮಾರು 14,850 ಚದರ ಕಿಲೋಮೀಟರ್. ಪುಣೆ ಮಹಾನಗರಪಾಲಿಕೆ ಹೆಚ್ಚೆಂದರೆ ಐನೂರರ ಆಸುಪಾಸು. ನೂರಕ್ಕೆ ಮೂರೋ ನಾಲ್ಕೋ ಪಾಲು. ನಡುವೆ 117 ಟಿಎಂಸಿಯ ಉಜನಿ ಕೂತಿದೆ. ಪುಣೆಯ ಹಳ್ಳಗಳ ಅರ್ಧ ತಾಸಿನ ಅವಸರ ಅಲ್ಲಿ ಕರಗಿಹೋಗುತ್ತದೆ. 2020ರ ಅಕ್ಟೋಬರಿನಂತೆ ಭೀಮಾ ತೀರ ಮುಳುಗುವುದು ಜಲಾನಯನದುದ್ದಕ್ಕೂ ಬಿದ್ದ ಮಳೆ, ಉಜನಿಯ ಗೇಟು ತೆಗೆದ ಹೊತ್ತು, ಉಜನಿಯ ಕೆಳಗೆ ಬಂದು ಸೇರುವ ನೀರಾ, ಸೀನಾ ನದಿಗಳ ಭರ ಇವುಗಳಿಂದ. ನೆಲದ ಬಳಕೆ ಬದಲಾದದ್ದರ ಪೆಟ್ಟು ಸಣ್ಣ ಹಳ್ಳಕ್ಕೆ ಭಾರಿ, ದೊಡ್ಡ ನದಿಗೆ ಹಗುರ. ಅಫಜಲಪುರದ ಹೊಲಕ್ಕೆ ಕಾತ್ರಜ್ ಗುಡ್ಡವನ್ನು ಹೊಣೆ ಮಾಡುವುದು ತಪ್ಪು.

ಹೂಳಿನ ವಿಷಯದಲ್ಲಿ ಮಾತ್ರ ಹೊಣೆ ತಪ್ಪುವುದಿಲ್ಲ. ನೀರಿನ ಅವಸರ ಕರಗಿದರೂ ಹೂಳು ಕರಗದು. ಒಂದು ಹೆಕ್ಟೇರಿನಿಂದ ಒಂದು ಮಿಲಿಮೀಟರ್ ಮಣ್ಣು ತೊಳೆದರೆ ಹತ್ತು ಘನಮೀಟರ್, ತೂಕದಲ್ಲಿ ಹದಿಮೂರು ಟನ್ನಿನ ಮೇಲೆ. ಖಡಕವಾಸಲಾ ಅಣೆಕಟ್ಟಿನ ಮೇಲಿನ ಗುಡ್ಡಗಳದು ಖಡಕವಾಸಲಾದಲ್ಲಿ, ಅದರ ಕೆಳಗಿನ ಕಾತ್ರಜ್‌ನಂಥ ಗುಡ್ಡಗಳದು ಉಜನಿಯಲ್ಲಿ ಕೂರುತ್ತದೆ.

ಖಡಕವಾಸಲಾದ ಮಾತು ಬಂತು. ಪುಣೆಗೆ ನೀರು ಕೊಡುವ ನಾಲ್ಕು ಅಣೆಕಟ್ಟುಗಳಲ್ಲಿ ವರಸಗಾಂವ್ 12.82, ಪಾನಶೇತ್ 10.65, ಟೆಮಘರ್ 3.71 ಟಿಎಂಸಿ, ಊರಿಗೆ ಎಲ್ಲಕ್ಕಿಂತ ಹತ್ತಿರದ ಖಡಕವಾಸಲಾ ಬರೀ 1.97. ದಿನವಿಡೀ 11,574 ಕ್ಯೂಸೆಕ್ ಹರಿದರೆ ಒಂದು ಟಿಎಂಸಿ. ಹಾಗಾಗಿ ಒಳಹರಿವು 35,000 ಕ್ಯೂಸೆಕ್ ಇದ್ದರೆ ಖಾಲಿ ಖಡಕವಾಸಲಾ ತುಂಬಲು ಹದಿನಾರು ತಾಸು ಸಾಕು. ತುಂಬಿದ ಖಡಕವಾಸಲಾಕ್ಕೆ ತಾಳ್ಮೆಯೇ ಇಲ್ಲ, ಬಂದದ್ದನ್ನು ಬಂದ ಹಾಗೆ ಬಿಡಬೇಕು. 2024ರ ಜುಲೈ 25ರ ಬೆಳಗಿನ ಜಾವ 35,000 ಕ್ಯೂಸೆಕ್ ಬಿಟ್ಟಾಗ ಸಿಂಹಗಡ ರಸ್ತೆಯ ಏಕತಾನಗರಿಯಲ್ಲಿ ಜನ ದೋಣಿಯಲ್ಲಿ ಹೊರಬಂದರು. ಮುಠಾ ನದಿಯ ನೀಲಿ ರೇಖೆ (ಕಟ್ಟಡ ಕೂಡದ ಪ್ರವಾಹದ ಗಡಿ) ಎಳೆದಿರುವುದು 60,000 ಕ್ಯೂಸೆಕ್ ಹಿಡಿದು. ಅದರ ಅರ್ಧದ ಮೇಲೆ ಸ್ವಲ್ಪ ನೀರಿಗೇ ಮನೆ ಮುಳುಗಿತೆಂದರೆ ಎರಡು ಕಾರಣ ಹುಡುಕಬೇಕು: ನದಿಯ ಪಾತ್ರದಲ್ಲಿ ಸುರಿದ ಕಟ್ಟಡದ ಮಣ್ಣು ಕಲ್ಲಿನ ಕಸ, ಮತ್ತು ಅಣೆಕಟ್ಟಿನ ಕೆಳಗೆ ಗೇಟೇ ಇಲ್ಲದೆ ಬಂದು ಸೇರುವ ಊರಿನ ಹಳ್ಳಗಳು. ಎರಡನೆಯದನ್ನು ಅಳೆಯುವವರು ಕಮ್ಮಿ, ಏಕೆಂದರೆ ಆ ಹಳ್ಳಗಳಿಗೆ ಗೇಟೂ ಇಲ್ಲ, ಗೇಜೂ ಇಲ್ಲ.

ಗಿಡ ನೆಟ್ಟರೆ ಸಾಕೇ

ಜೂನ್ ಬಂತೆಂದರೆ ಪುಣೆಯ ಟೇಕಡಿಗಳಲ್ಲಿ, ಅಂದರೆ ಸಣ್ಣ ಗುಡ್ಡಗಳಲ್ಲಿ, ಗಿಡ ನೆಡುವ ಸಂಭ್ರಮ. ಸಂಘ ಸಂಸ್ಥೆಗಳು, ಐಟಿ ಕಂಪನಿಯ ತಂಡಗಳು, ನಮ್ಮ ಕನ್ನಡ ಬಳಗಗಳೂ ಹೋಗುತ್ತವೆ. ಹೋಗಲಿ, ಒಳ್ಳೆಯದೇ. ಆದರೆ ವೇತಾಳ ಟೇಕಡಿಯ ಗ್ಲಿರಿಸಿಡಿಯಾ ತೋಪಿನೊಳಗೆ ಒಮ್ಮೆ ನೆಲ ನೋಡಿ ಬನ್ನಿ. ಮೇಲೆ ಹಸಿರು ಕೊಡೆ, ಕೆಳಗೆ ಹುಲ್ಲಿನ ಎಸಳಿಲ್ಲದ ಗಟ್ಟಿ ಮಣ್ಣು, ನಡೆದಾಡಿ ನಡೆದಾಡಿ ಸಿಮೆಂಟಿನಂತಾದ ಕಾಲುದಾರಿ. ಮಳೆ ಹನಿಯ ಪೆಟ್ಟು ತಡೆಯುವುದು ಹತ್ತು ಅಡಿ ಮೇಲಿನ ಎಲೆಯಲ್ಲ, ನೆಲಕ್ಕೆ ಅಂಟಿದ ಹುಲ್ಲು ಮತ್ತು ತರಗು. ಎಲೆಯಿಂದ ಒಟ್ಟುಗೂಡಿ ಉದುರುವ ಹನಿ ಮೋಡದ ಹನಿಗಿಂತ ದಪ್ಪವೇ ಇರುತ್ತದೆ.

ಪುಣೆಯ ಪೂರ್ವ ಗುಡ್ಡಗಳ ಮೂಲ ಹೊದಿಕೆ ಹುಲ್ಲು ಮತ್ತು ಕುರುಚಲು. ಅದೇ ತೆಳು ಮಣ್ಣಿನಲ್ಲಿ ಚೆನ್ನಾಗಿ ಕಾಯ್ದ ಹುಲ್ಲುಗಾವಲಿಗೆ 74 ಅಂಕ, ದನ ಮೇಯ್ದು ಬೋಳಾದದ್ದಕ್ಕೆ 86. ಐವತ್ತು ಮಿಲಿಮೀಟರ್ ಮಳೆಗೆ ಮೊದಲನೆಯದು ಹರಿಸುವುದು 8.5 ಮಿ.ಮೀ., ಎರಡನೆಯದು 21. ಒಂದು ಸಸಿಯನ್ನೂ ನೆಡದೆ, ಫೆಬ್ರುವರಿ–ಮಾರ್ಚಿನ ಬೆಂಕಿಯಿಂದ ಹುಲ್ಲನ್ನು ಕಾಯ್ದರೆ ಸಿಗುವ ಲಾಭವಿದು. ಬೆಂಕಿ ಬಿದ್ದ ಗುಡ್ಡಕ್ಕೆ ಮೇ ತಿಂಗಳ ಗುಡುಗು ಮಳೆ ಬಿದ್ದಾಗ ಇಳಿಯುವ ಕಪ್ಪು ಕೆಸರು ಬಹಳಷ್ಟು ಮಣ್ಣು ಒಯ್ಯುತ್ತದೆ. ಪಶ್ಚಿಮಕ್ಕೆ, ಮುಳಶಿ, ವೆಲ್ಹೆ, ಭೋರ್ ಕಡೆ ಹೋದರೆ ಮಾತು ಬೇರೆ. ಅಲ್ಲಿ ದೊಡ್ಡ ಮರಗಳ ದೇವರಾಯಿಗಳಿವೆ, ಅಂದರೆ ನಮ್ಮ ದೇವರಕಾಡು. ಅಲ್ಲಿ ನೆಡುವುದಕ್ಕಿಂತ ಕಡಿಯದಿರುವುದು ಮುಖ್ಯ.

ಬೋಳು ಇಳಿಜಾರಿಗೆ ಸಮಪಾತಳಿ ಕಂದಕ, ಅಂದರೆ ಗುಡ್ಡಕ್ಕೆ ಅಡ್ಡಲಾಗಿ ಒಂದೇ ಮಟ್ಟದಲ್ಲಿ ತೋಡುವ ಗುಂಡಿ ಸಾಲು, ಹಳೆಯ ಮದ್ದು. ಅಗಲ 60, ಆಳ 30 ಸೆಂಟಿಮೀಟರ್. ಮೀಟರ್ ಉದ್ದಕ್ಕೆ 0.18 ಘನಮೀಟರ್ ನೀರು ಹಿಡಿಯುತ್ತದೆ. ಹತ್ತು ಮೀಟರಿಗೊಂದು ಸಾಲು ತೋಡಿದರೆ ಹೆಕ್ಟೇರಿಗೆ ಸಾವಿರ ಮೀಟರ್, 180 ಘನಮೀಟರ್, ಅಂದರೆ 18 ಮಿ.ಮೀ. ಹರಿವು. ಐವತ್ತರ ಮಳೆಯಲ್ಲಿ ಪಾಳು ಗುಡ್ಡ ಹರಿಸುವ 20ರಲ್ಲಿ ಹೆಚ್ಚುಕಡಿಮೆ ಎಲ್ಲವೂ ಕಂದಕದಲ್ಲೇ ಉಳಿಯಿತು. ಇನ್ನೂರರ ಮಳೆಯ 155ಕ್ಕೆ ಅದು ಯಾವ ಲೆಕ್ಕಕ್ಕೂ ಇಲ್ಲ. ಕೆಡುವುದು ಎಲ್ಲಿ ಎಂದರೆ ಮಟ್ಟದಲ್ಲಿ. ಎ-ಫ್ರೇಮ್ (ಮಟ್ಟ ನೋಡುವ ಚೌಕಟ್ಟು) ಹಿಡಿಯದೆ ಕಣ್ಣಂದಾಜಿಗೆ ತೋಡಿದ ಕಂದಕ ಒಂದು ತುದಿಗೆ ವಾಲಿರುತ್ತದೆ. ನೀರೆಲ್ಲ ಆ ತುದಿಗೆ ನುಗ್ಗಿ, ಬದು ಒಡೆದು, ಮೂರೇ ವರ್ಷದಲ್ಲಿ ಅಲ್ಲೊಂದು ಕೊರಕಲು. ಅದಕ್ಕೇ ಹತ್ತು ಹದಿನೈದು ಮೀಟರಿಗೊಂದು ಕಡೆ ಮಣ್ಣು ತೋಡದೆ ಅಡ್ಡ ಬಿಡಬೇಕು, ತೆಗೆದ ಮಣ್ಣನ್ನು ಕೆಳಬದಿಗೆ ಗೇಣು ಜಾಗ ಬಿಟ್ಟು ಹಾಕಬೇಕು. ಘಾಟಿನ ಕಡಿದಾದ ಇಳಿಜಾರಿಗೆ, ಮಣ್ಣಿನಡಿ ನುಣುಪು ಬಂಡೆಯಿರುವಲ್ಲಿಗೆ ಈ ಮದ್ದು ಬೇಡವೇ ಬೇಡ. ಅಲ್ಲಿ ಇಂಗಿದ ನೀರು ಮಣ್ಣನ್ನೇ ಜಾರಿಸುತ್ತದೆ. 2014ರ ಜುಲೈ 30ರಂದು ಇದೇ ಜಿಲ್ಲೆಯ ಮಾಳೀಣ್ ಊರಿನ ಮೇಲೆ ಗುಡ್ಡ ಜಾರಿ ನೂರೈವತ್ತು ಜನ ಹೂತುಹೋದಾಗ, ಮೇಲಿನ ಇಳಿಜಾರನ್ನು ಸಪಾಟು ಮಾಡಿದ್ದರ ಪಾತ್ರವೂ ಚರ್ಚೆಗೆ ಬಂದಿತ್ತು.

ಊರೊಳಗೆ ಈಗಾಗಲೇ ಕಾಂಕ್ರೀಟಾದ ಜಾಗಕ್ಕೆ ಕಾಡು ಮರಳಿ ಬರುವುದಿಲ್ಲ, ಸಮಯವನ್ನು ಮಾತ್ರ ಮರಳಿ ತರಬಹುದು. ಒಂದು ಎಕರೆಯ ಹೌಸಿಂಗ್ ಸೊಸೈಟಿ ಹಿಡಿಯಿರಿ. ತಾಸಿನಲ್ಲಿ 50 ಮಿ.ಮೀ. ಸುರಿದರೆ ಛಾವಣಿ, ಪಾರ್ಕಿಂಗ್ ಎಲ್ಲ ಸೇರಿ 180 ಘನಮೀಟರ್ ನೀರು, ಸೆಕೆಂಡಿಗೆ 50 ಲೀಟರಿನಂತೆ ರಸ್ತೆಗೆ ಬೀಳುತ್ತದೆ. ಹತ್ತು ಸಾವಿರ ಲೀಟರಿನ ಹದಿನೆಂಟು ಟ್ಯಾಂಕರು. ಅದೇ ಸೊಸೈಟಿ ಏಪ್ರಿಲಿನಲ್ಲಿ ದುಡ್ಡು ಕೊಟ್ಟು ತರಿಸುವಂಥವೇ. ಗೇಟಿನ ಬಳಿ ಒಂದೂವರೆ ಮೀಟರ್ ಆಳದ, 120 ಘನಮೀಟರಿನ ತೊಟ್ಟಿ ಕಟ್ಟಿ, ತಳದಲ್ಲಿ ನಾಲ್ಕು ಇಂಚಿನ ಒಂದೇ ಹೊರಗಂಡಿ ಬಿಟ್ಟರೆ, ತೊಟ್ಟಿ ತುಂಬಿದಾಗಲೂ ಹೊರಗೆ ಹೋಗುವುದು ಸೆಕೆಂಡಿಗೆ 25 ಲೀಟರ್. ರಸ್ತೆಗೆ ಬೀಳುವ ಭರ ಅರ್ಧಕ್ಕೆ ಇಳಿಯಿತು. ಗಂಡಿಯ ಮುಂದೆ ಜಾಲರಿ ಬೇಕು, ಜಾಲರಿಯನ್ನು ಪ್ರತಿ ಮಳೆಯ ಮರುದಿನ ಕೈಯಿಂದ ತೆಗೆದು ತೊಳೆಯಬೇಕು. ಹಾಲಿನ ಪ್ಯಾಕೆಟ್ಟು ಎರಡೇ ಸಾಕು ಅದನ್ನು ಮುಚ್ಚಲು.

ತುಂಬಿದ ತೊಟ್ಟಿ ತಾನಾಗಿ ಖಾಲಿಯಾಗಲು ಸುಮಾರು ಎರಡೂವರೆ ತಾಸು. ಇಲ್ಲಿಯೇ ಸೊಸೈಟಿಯ ಮೀಟಿಂಗಿನಲ್ಲಿ ಯಾರಾದರೂ ಎದ್ದು, ನೀರು ಸುಮ್ಮನೆ ಹೋಗುತ್ತಿದೆಯಲ್ಲ, ಗಾರ್ಡನ್ನಿಗೆ ಉಳಿಸೋಣ, ವಾಲ್ವ್ ಕೂರಿಸಿ ಎನ್ನುತ್ತಾರೆ. ಉಳಿಸುವ ತೊಟ್ಟಿ ಬೇರೆ, ತಡೆಯುವ ತೊಟ್ಟಿ ಬೇರೆ. ಸಂಜೆ ಆರರ ಮಳೆಗೆ ತುಂಬಿಸಿ ವಾಲ್ವ್ ಮುಚ್ಚಿದರೆ ರಾತ್ರಿ ಹತ್ತರ ಮಳೆಗೆ ಆ ತೊಟ್ಟಿಯೂ ಕಾಂಕ್ರೀಟು ನೆಲವೇ. ಗಾರ್ಡನ್ನಿಗೆ ಬೇಕಾದರೆ ಪಕ್ಕದಲ್ಲಿ ಇನ್ನೊಂದು ತೊಟ್ಟಿ ಕಟ್ಟಿ, ಮೊದಲು ಅದು ತುಂಬಿ ಮಿಕ್ಕದ್ದು ಇದಕ್ಕೆ ಬರುವಂತೆ ಪೈಪು ಜೋಡಿಸಿ. ತಡೆಯುವ ತೊಟ್ಟಿಗೆ ವಾಲ್ವ್ ಈಗಾಗಲೇ ಕೂರಿಸಿದ್ದರೆ, ಜೂನ್ ಒಂದರಂದು ಅದನ್ನು ಪೂರ್ತಿ ತೆರೆದು ಹಿಡಿಯನ್ನು ಬಿಚ್ಚಿ ಆಫೀಸಿನ ಕಪಾಟಿನಲ್ಲಿಡಿ.